ಅಪ್ಪ ರಿಟೈರ್ ಆಗೋ ಮುಂಚೆ ಮನೆಯ ಕಾರ್ಡ್ ನೋಡಿ

ಇವತ್ತಿನ ಎಪಿಸೋಡ್ ಅರ್ಧ ಇತಿಹಾಸ, ಅರ್ಧ ಲೆಕ್ಕ. ಬಿಕಾಂ ಓದಿದವನ ಕೈಯಲ್ಲಿ ಮೈಕ್ ಕೊಟ್ರೆ ಹೀಗೇ ಆಗೋದು.

ಗಂಗಾವತಿ ಹತ್ತಿರದ ಹೇಮಗುಡ್ಡ ಅಂದ್ರೆ ಕೋಟೆ, ದಸರಾ ನೆನಪಾಗುತ್ತೆ. ಆ ಊರಲ್ಲಿ, ಸುತ್ತಮುತ್ತ, ಈಗ ಅರವತ್ತರ ಹತ್ತಿರ ಇರೋರನ್ನ ನೆನಪಿಸಿಕೊಳ್ಳಿ. ಭತ್ತದ ಗದ್ದೆ, ರೈಸ್ ಮಿಲ್, ಕೊಪ್ಪಳ ಕಡೆಯ ಫ್ಯಾಕ್ಟರಿ. ಇಪ್ಪತ್ತು ವರ್ಷದಲ್ಲಿ ಸರ್ಕಾರದ ಆರೋಗ್ಯ ವಿಮೆಗಳು ಇವರ ಮನೆಗೆ ಒಂದಾದ ಮೇಲೊಂದು ಬಂದಿವೆ. ಪ್ರತಿಯೊಂದೂ ಬಾಗಿಲಲ್ಲಿ ಬೇರೆ ಬೇರೆ ಪ್ರಶ್ನೆ ಕೇಳ್ತು. ಕಥೆ ಇರೋದು ಆ ಪ್ರಶ್ನೆಯಲ್ಲೇ.

ಮೊದಲು ಬಂದದ್ದು ಯಶಸ್ವಿನಿ. 2003ರ ಜೂನ್‌ನಲ್ಲಿ ಚಿಕಿತ್ಸೆ ಶುರು. ಐಡಿಯಾ ಡಾ. ದೇವಿ ಶೆಟ್ಟಿ ಅವರದು, ಆಗ ಮುಖ್ಯಮಂತ್ರಿ ಎಸ್.ಎಂ. ಕೃಷ್ಣ. ಅದರ ಪ್ರಶ್ನೆ: ನೀವು ಸಹಕಾರ ಸಂಘದ ಸದಸ್ಯರಾ? ಹೌದು ಅಂದ್ರೆ ವರ್ಷಕ್ಕೆ 60 ರೂಪಾಯಿ, ಅಂದ್ರೆ ತಿಂಗಳಿಗೆ 5. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದ್ರು. 75 ವರ್ಷದವರೆಗೂ ಸೇರಬಹುದಿತ್ತು, ಇದು ಸಣ್ಣ ಮಾತಲ್ಲ. ಆದರೆ ಅದು ಮುಖ್ಯವಾಗಿ ಆಪರೇಷನ್ನಿಗೆ. ಜ್ವರ ಬಂದು ಮಲಗಿದ್ರೆ ಲೆಕ್ಕಕ್ಕಿಲ್ಲ.

ಆಮೇಲೆ 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ. ಸಾಮಾನ್ಯವಾಗಿ ಎಲ್ಲ ಬೆಂಗಳೂರಿಂದ ಶುರುವಾಗಿ ನಮ್ಮ ಕಡೆ ಕೊನೆಗೆ ಬರುತ್ತೆ ಅಲ್ವಾ? ಇದು ಉಲ್ಟಾ. ಕೊಪ್ಪಳ ಸೇರಿದ ಗುಲ್ಬರ್ಗ ವಿಭಾಗಕ್ಕೇ ಮೊದಲು ಬಂತು. ಪ್ರಶ್ನೆ: ಬಿಪಿಎಲ್ ಕಾರ್ಡ್ ಇದೆಯಾ? ಹೃದಯ, ಕ್ಯಾನ್ಸರ್, ಕಿಡ್ನಿಯಂಥ ದೊಡ್ಡ ಕಾಯಿಲೆಗೆ ಕುಟುಂಬಕ್ಕೆ ಒಂದೂವರೆ ಲಕ್ಷ, ಪ್ರೀಮಿಯಂ ಇಲ್ಲ. ಯೋಜನೆ ಬಂದ ಹಳ್ಳಿ, ಇನ್ನೂ ಬರದ ಪಕ್ಕದ ಹಳ್ಳಿ ಎರಡನ್ನೂ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಆ ಕಾಯಿಲೆಗಳಿಂದಾದ ಸಾವು ಬಡ ಕುಟುಂಬಗಳಲ್ಲಿ 0.90%ಗೆ ಬದಲು 0.32% ಇತ್ತು. ಕಾರ್ಡಿಗೆ ಅಷ್ಟು ತಾಕತ್ತು.

2018ರಲ್ಲಿ ಎಲ್ಲ ಕಲಸಿ ಹೋಯ್ತು. ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ, ಮೇ ಕೊನೆಗೆ ಯಶಸ್ವಿನಿ ಬಂದ್, ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್ ಜೊತೆ ವಿಲೀನ. ಬಿಪಿಎಲ್‌ಗೆ ವರ್ಷಕ್ಕೆ 5 ಲಕ್ಷ. ಎಪಿಎಲ್‌ಗೆ ಪ್ಯಾಕೇಜ್ ದರದ 30% ಮಾತ್ರ, ಅದೂ ಒಂದೂವರೆ ಲಕ್ಷದ ಮಿತಿ. ತುರ್ತು ಅಲ್ಲದಿದ್ರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ತರಬೇಕು. ಯಶಸ್ವಿನಿ 2023ರ ಜನವರಿಯಿಂದ ವಾಪಸ್ ಬಂತು. ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, 5 ಲಕ್ಷದ ಕವರ್.

ಈಗ ನಮ್ಮ ವಯಸ್ಸಿನವರ ವಿಷಯ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದಿನ ಗಲಾಟೆ ನೆನಪಿದೆಯಾ? ಸರ್ಕಾರ ಹಿಂದೆ ಸರಿದಾಗಲೂ ಎರಡು ಗುಂಪನ್ನ ಬಿಡಲಿಲ್ಲ: ಸರ್ಕಾರಿ ನೌಕರರು, ಆದಾಯ ತೆರಿಗೆ ಕಟ್ಟೋರು. ಅಂದ್ರೆ ನೀವು ಬೆಂಗಳೂರಲ್ಲಿ ಕೆಲಸ ಹಿಡಿದು ತೆರಿಗೆ ಕಟ್ಟೋಕೆ ಶುರುಮಾಡಿದ್ರೆ, ಊರಿನ ಅದೇ ರೇಷನ್ ಕಾರ್ಡ್‌ನಲ್ಲಿ ನಿಮ್ಮ ಹೆಸರೂ ಇದ್ರೆ, ಅಪ್ಪನ 5 ಲಕ್ಷ 30% ಆಗಬಹುದು. ಅದೂ ಅವರ ಸಂಬಳ ನಿಲ್ಲೋ ಹೊತ್ತಲ್ಲಿ. ಮನೆಯವರ ಜೊತೆ ಈ ಮಾತು ಆಡೋದು ಕಷ್ಟ, ಗೊತ್ತು. ಆದ್ರೂ ಆಡಿ.

ಕೇಂದ್ರ ಸರ್ಕಾರ 2024ರ ಅಕ್ಟೋಬರ್ 29ರಂದು 70 ದಾಟಿದ ಎಲ್ಲರಿಗೂ ಆದಾಯ ಕೇಳದೆ 5 ಲಕ್ಷದ ವಿಮೆ ಶುರುಮಾಡ್ತು. ಒಳ್ಳೇದೇ. ನಿಮ್ಮ ಆಸ್ಪತ್ರೆಯಲ್ಲಿ ಆ ಕಾರ್ಡ್ ನಡೆಯುತ್ತಾ ಅಂತ ಮೊದಲೇ ವಿಚಾರಿಸಿ. ಆದರೆ 60ಕ್ಕೆ ರಿಟೈರ್ ಆದವರು 70ರವರೆಗೆ ಏನು ಮಾಡಬೇಕು? ಆ ಹತ್ತು ವರ್ಷದ ಗ್ಯಾಪನ್ನ ಖಾಸಗಿ ಪಾಲಿಸಿಯಿಂದ ತುಂಬೋಣ ಅಂದ್ರೆ, ಮೊದಲೇ ಇರೋ ಶುಗರ್, ಬಿಪಿಗೆ ಮೂರು ವರ್ಷದವರೆಗೆ ಕಾಯಿಸಬಹುದು. ಹಾಗಾಗಿ ಕೊಳ್ಳೋದಿದ್ರೆ 60ಕ್ಕಲ್ಲ, 57ಕ್ಕೇ ಕೊಳ್ಳಿ.

ಫ್ಯಾಕ್ಟರಿ, ಮಿಲ್‌ನವರಿಗೆ ಇನ್ನೊಂದು ದಾರಿ ಇದೆ, ಬಹಳ ಜನ ಬಿಟ್ಟುಬಿಡ್ತಾರೆ. ಇಎಸ್‌ಐ. ಕನಿಷ್ಠ ಐದು ವರ್ಷ ಇಎಸ್‌ಐ ಇರೋ ಕೆಲಸದಲ್ಲಿದ್ದು ವಯಸ್ಸಾಗಿ ನಿವೃತ್ತರಾದ್ರೆ, ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡತಿ ಇಬ್ಬರೂ ಚಿಕಿತ್ಸೆ ಮುಂದುವರಿಸಬಹುದು. ಮೇಲೆ ಹೇಳಿದ ಕಾರ್ಡ್‌ಗಳೆಲ್ಲ ಹೆಚ್ಚಾಗಿ ಅಡ್ಮಿಟ್ ಆದಾಗ ನೆರವಿಗೆ ಬರ್ತವೆ. ಇದರಲ್ಲಿ ದಿನದ ಮಾತ್ರೆಯೂ ಸಿಗುತ್ತೆ. ಕೊನೆಯ ಸಂಬಳದ ದಿನಕ್ಕೆ ಕಾಯದೆ ಅಪ್ಪನ ಇಎಸ್‌ಐ ನಂಬರ್, ಸೇವಾ ದಾಖಲೆ ತೆಗೆದಿಟ್ಕೊಂಡು ಇಎಸ್‌ಐ ಬ್ರಾಂಚ್ ಆಫೀಸಲ್ಲಿ ಕೇಳಿ. 120 ರೂಪಾಯಿ ಪ್ರತಿ ವರ್ಷ ಕಟ್ಟಬೇಕು, ಫೋನಲ್ಲಿ ರಿಮೈಂಡರ್ ಹಾಕೋ ಕೆಲಸ ನಿಮ್ಮದು.