ಕಾಲಜ್ಞಾನ ಅಂದ್ರೆ ಬರೀ ಭವಿಷ್ಯ ಅಲ್ಲ (ನಮ್ಮ ಕಡೆಯ ಇತಿಹಾಸ, ಭಾಗ 3)

ಫೋಟೋದಾಗಿರೋದು ಅಫಜಲಪುರ ಕಡೆಯ ಭೀಮಾ. ಈಗ ಎಷ್ಟು ತಣ್ಣಗೆ ಹರೀತಾದ ನೋಡ್ರಿ. 2020ರ ಅಕ್ಟೋಬರ್‌ನಲ್ಲಿ ಮಹಾರಾಷ್ಟ್ರದ ಕಡೆ ಭಾರೀ ಮಳೆ, ಮೇಲಿನ ಉಜನಿ ಜಲಾಶಯದಿಂದ ನೀರು ಬಿಟ್ಟರು, ಇದೇ ಹೊಳೆ ಅಫಜಲಪುರ, ಜೇವರ್ಗಿ ತಾಲ್ಲೂಕಿನ ಊರುಗಳಿಗೆ ನುಗ್ಗಿತು. ಆವಾಗ ನಾನು ಹೈಸ್ಕೂಲು. ಎಲ್ಲರ ಸ್ಟೇಟಸ್‌ನಲ್ಲೂ ಒಂದೇ ಮಾತು: ಇದೆಲ್ಲಾ ಕಾಲಜ್ಞಾನದಾಗ ಮೊದಲೇ ಬರೆದದ. ನಾನೂ ಫಾರ್ವರ್ಡ್ ಮಾಡಿದ್ದೆ. ಈಗ ನೆನಸಿದ್ರ ನಾಚಿಕೆ ಆಗ್ತದ.

ಯಾಕಂದ್ರ ಕಾಲಜ್ಞಾನ ಹುಟ್ಟಿದ್ದು ಹಂಗಲ್ಲ. ಆಳಂದದಿಂದ ಈಶಾನ್ಯಕ್ಕಿರೋ ಕಲ್ಯಾಣದಲ್ಲಿ 12ನೇ ಶತಮಾನದಾಗ ಏನಾಯ್ತು ಅಂತ ನಿಮಗ ಗೊತ್ತು. ಒಂದು ಮದುವೆ, ಅದಕ್ಕೆ ಶಿಕ್ಷೆ, ಬಿಜ್ಜಳನ ಕೊಲೆ, ಶರಣರು ದಿಕ್ಕಾಪಾಲು. ಆ ಗಾಯದ ನೆನಪಿನಾಗೇ ಮುಂದೆ ಕಾಲಜ್ಞಾನದ ವಚನಗಳು ಬೆಳೆದವು. 16ನೇ ಶತಮಾನದ ಕೊಡೇಕಲ್ ಬಸವಣ್ಣನ ಹೆಸರು ಇದರಾಗ ದೊಡ್ಡದು. ಕೊಡೇಕಲ್ ಈಗ ಯಾದಗಿರಿ ಜಿಲ್ಲೆಯಲ್ಲದ. ಈ ವಚನಗಳಲ್ಲಿ ಮೊದಲು ತೀರ್ಪು: ಅಧರ್ಮ ಹೆಚ್ಚಾಗಿ ರಾಜ್ಯಗಳು ಹಾಳಾಗ್ತಾವ. ಆಮೇಲೆ ಭರವಸೆ: ವಸಂತರಾಯ ಬರ್ತಾನ, ಕಲ್ಯಾಣ ಮತ್ತೆ ಕಟ್ಟಲ್ಪಡ್ತದ. ರೀಲ್ಸ್‌ನವರು ಮೊದಲ ಅರ್ಧ ಇಟ್ಕೊಂಡು ಎರಡನೇದು ಬಿಟ್ಟಾರ. ಭಯಕ್ಕೆ ವ್ಯೂಸ್ ಜಾಸ್ತಿ ಇರಬೇಕು.

ಈ ಎರಡು ಅರ್ಧ ಯಾಕೆ ಕೂಡೇ ಇರಬೇಕು ಅಂತ ತಿಳಿದಿದ್ದು ರೂಮ್‌ಮೇಟ್‌ನ ಕನ್ನಡ ಬೈಬಲ್‌ನಾಗ ಆಮೋಸನನ್ನು ಓದಿದಾಗ. ಕ್ರಿ.ಪೂ. 8ನೇ ಶತಮಾನದ ಹೀಬ್ರೂ ಪ್ರವಾದಿ, ತೆಕೋವ ಊರಿನ ಕುರಿಗಾಹಿ. ಅತ್ತಿಮರದ ಕೆಲಸನೂ ಮಾಡ್ತಿದ್ದ. ಬೇತೇಲಿನ ರಾಜರ ಗುಡಿಗೆ ಹೋಗಿ ಮಾತಾಡಿದ. ಅಲ್ಲಿನ ಪೂಜಾರಿ ಅಮಚ್ಯ 'ನಿನ್ನ ಊರಿಗೆ ಹೋಗು' ಅಂದ. ಆಮೋಸ ಬೈದಿದ್ದು ಯಾರನ್ನ? ಅಳತೆ ಕಿರಿದು ಮಾಡಿ, ತಕ್ಕಡಿ ಮೋಸ ಮಾಡಿ, ಬಡವರಿಗೆ ಧಾನ್ಯ ಮಾರೋರನ್ನ. ನಾನು ಬಿಕಾಂ, ಅಲ್ಲಿ ಪುಟ ಮುಂದಕ್ಕೆ ಹೋಗಲೇ ಇಲ್ಲ. ಹೋದ ವರ್ಷ ನಮ್ಮ ಕಾಕಾ ತೊಗರಿ ಮಾರಾಕ ಹೋದಾಗ 'ಸ್ಯಾಂಪಲ್' ಅಂತ ಬೊಗಸೆ ಬೊಗಸೆ ತೆಗೆದಿಟ್ಟಿದ್ದನ್ನ ಪಕ್ಕದಾಗೇ ನಿಂತು ನೋಡೀನಿ. ಅದು ಯಾವ ಲೆಕ್ಕಕ್ಕೂ ಬರಲಿಲ್ಲ.

ಸುಮಾರು ಕ್ರಿ.ಪೂ. 722ರಲ್ಲಿ ಅಸ್ಸೀರಿಯದವರು ಆ ರಾಜ್ಯ ಮುಗಿಸಿದರು. ಆದ್ರೂ ಅವನ ಪುಸ್ತಕ ಮುಗಿಯೋದು ಹಾಳೂರು ಮತ್ತೆ ಕಟ್ಟೋದು, ದ್ರಾಕ್ಷಿ ತೋಟ ನೆಡೋದರ ಮಾತಿನಿಂದ. ಆ ಕೊನೆಯ ಭಾಗ ಆಮೇಲೆ ಸೇರಿದ್ದು ಅಂತ ಹೇಳೋ ವಿದ್ವಾಂಸರೂ ಇದ್ದಾರ. ಇರಲಿ, ಸೇರಿಸಿದವರಿಗೂ ಅದು ಬೇಕಾಗಿತ್ತಲ್ಲ!

ಎಲ್ಲಾ ಮೊದಲೇ ಬರೆದದ ಅಂದುಬಿಟ್ರ ಯಾರನ್ನೂ ಏನೂ ಕೇಳೋ ಹಂಗಿಲ್ಲ. ನೀರು ಬಿಡೋ ಮುಂಚೆ ಊರಿಗೆ ಎಷ್ಟು ಹೊತ್ತು ಮೊದಲು ಹೇಳಿದ್ರು? ಪರಿಹಾರ ಯಾರಿಗೆ ಮುಟ್ಟಿತು? 2020ರಲ್ಲಿ ನನ್ನ ಸ್ಟೇಟಸ್‌ನಾಗ ಈ ಪ್ರಶ್ನೆ ಇರಬೇಕಿತ್ತು.

ಮುಂದಿನ ಭಾಗ ಕಡಕೋಳ ಮಡಿವಾಳಪ್ಪನವರದು. ಅಫಜಲಪುರ ತಾಲ್ಲೂಕಿನ ಬಿದನೂರಿನಲ್ಲಿ ಹುಟ್ಟಿ, ಮೊದಲು ಜೇವರ್ಗಿ ತಾಲ್ಲೂಕಿನಲ್ಲಿದ್ದ ಕಡಕೋಳದಲ್ಲಿ ನೆಲೆಸಿದ ತತ್ವಪದಕಾರ. ಚನ್ನೂರ ಜಲಾಲಸಾಬ್ ಇವರ ಶಿಷ್ಯ. ನಿಮ್ಮ ಮನೆಯಾಗ ಅಜ್ಜ, ಅಮ್ಮ ಯಾರಾದ್ರೂ ಇವರ ಪದ ಹಾಡ್ತಿದ್ರ ರೆಕಾರ್ಡ್ ಮಾಡಿ ಡಿಎಂ ಮಾಡ್ರಿ.