ಮಾಂಬಾ ವಿಷ ಮತ್ತು ಒಂದು ಪಾಸಿಟಿವ್ ರಿಪೋರ್ಟು

ಹೋದ ತಿಂಗಳು ಒಂದು ರಾತ್ರಿ ಹನ್ನೊಂದೂವರೆಗೆ ನನ್ನ ಕಸಿನ್ ವಾಟ್ಸಾಪಲ್ಲಿ ಒಂದು ಪಿಡಿಎಫ್ ಕಳಿಸಿದ. ಅವನ ಹೆಂಡತಿಯ ಲ್ಯಾಬ್ ರಿಪೋರ್ಟು. ‘ವಿಜಿಕೆಸಿ ಆಂಟಿಬಾಡಿ: ಪಾಸಿಟಿವ್’. ಅದರ ಕೆಳಗೆ ಎಲ್‌ಜಿಐ1, ಕ್ಯಾಸ್ಪರ್2 ಎರಡೂ ನೆಗೆಟಿವ್. ಮೂರು ತಿಂಗಳಿಂದ ಅವಳಿಗೆ ಮರೆವು, ನಿದ್ದೆ ಇಲ್ಲ. “ಸೋಮವಾರದಿಂದ ಸ್ಟೆರಾಯ್ಡ್ ಕೊಡ್ಬೇಕಾಗ್ಬೋದು ಅಂದ್ರು. ಇದು ಮೆದುಳಿನ ಉರಿಯೂತಾನೇ ಅಲ್ವಾ?”

ನಾನು ಡಾಕ್ಟರಲ್ಲ. ಆದರೆ ಈ ಟೆಸ್ಟಿನ ಇತಿಹಾಸವನ್ನು ಒಮ್ಮೆ ಹುಚ್ಚು ಹಿಡಿದವನ ಹಾಗೆ ಓದಿದ್ದೆ.

ಲಿಂಬಿಕ್ ಎನ್ಸೆಫಲೈಟಿಸ್ ಅಂದರೆ ಹೆಚ್ಚಾಗಿ ಕ್ಯಾನ್ಸರಿನ ನೆರಳು, ವಾಸಿಯಾಗೋದು ಕಷ್ಟ ಅಂತಲೇ ಬಹಳ ಕಾಲ ನಂಬಿಕೆಯಿತ್ತು. 2001ರಲ್ಲಿ ಆಕ್ಸ್‌ಫರ್ಡಿನ ಆಂಜೆಲಾ ವಿನ್ಸೆಂಟ್ ಮತ್ತು ಸಂಗಡಿಗರು, ಗುಣ ಕಂಡ ಇಬ್ಬರು ರೋಗಿಗಳ ರಕ್ತದಲ್ಲಿ ಪೊಟ್ಯಾಸಿಯಂ ಚಾನೆಲ್ ವಿರುದ್ಧದ ಪ್ರತಿಕಾಯಗಳನ್ನು ವರದಿ ಮಾಡಿದರು. ದೊಡ್ಡ ಸುದ್ದಿ ಅದು.

ಟೆಸ್ಟು ನಡೆಯೋದು ಹೀಗೆ. ಪ್ರಾಣಿಯ ಮೆದುಳಿನಿಂದ ಚಾನೆಲ್‌ಗಳನ್ನು ಬಿಡಿಸಿ, ಅವಕ್ಕೆ ಮಾಂಬಾ ಹಾವಿನ ವಿಷದ ಒಂದು ಪ್ರೋಟೀನನ್ನು ವಿಕಿರಣದ ಗುರುತು ಹಾಕಿ ಅಂಟಿಸುತ್ತಾರೆ. ರೋಗಿಯ ಪ್ರತಿಕಾಯ ಚಾನೆಲನ್ನು ಹಿಡಿದು ಎಳೆದರೆ ಆ ಗುರುತೂ ಜೊತೆಗೆ ಬರುತ್ತದೆ, ಎಣಿಸಬಹುದು. ತೊಂದರೆ ಏನಪ್ಪಾ ಅಂದ್ರೆ, ಚಾನೆಲ್ ಒಂಟಿಯಾಗಿ ಬರಲ್ಲ, ನೆಂಟರ ಸಮೇತ ಬರುತ್ತೆ. 2010ರಲ್ಲಿ ಆಕ್ಸ್‌ಫರ್ಡ್ ತಂಡವೂ ಜೋಸೆಪ್ ದಾಲ್ಮೌ ತಂಡವೂ ತೋರಿಸಿದ್ದು ಇದನ್ನೇ: ಪ್ರತಿಕಾಯದ ನಿಜವಾದ ಗುರಿ ಹೆಚ್ಚಿನಂಶ ಚಾನೆಲ್ ಅಲ್ಲ, ಪಕ್ಕದಲ್ಲಿ ಅಂಟಿಕೊಂಡಿದ್ದ ಎಲ್‌ಜಿಐ1, ಕ್ಯಾಸ್ಪರ್2.

ಹಾಗಾದರೆ ಎರಡೂ ನೆಗೆಟಿವ್ ಇದ್ದು ಚಾನೆಲ್ ಮಾತ್ರ ಪಾಸಿಟಿವ್ ಬಂದವರು? ಕೆಲವರ ಪ್ರತಿಕಾಯ ಜೀವಕೋಶದ ಒಳಭಾಗಕ್ಕೆ ಅಂಟುತ್ತದೆ; ಬದುಕಿರುವ ಮೆದುಳಲ್ಲಿ ಅದು ಅಲ್ಲಿಗೆ ತಲುಪೋದೇ ಕಷ್ಟ. ಇನ್ನು ಕೆಲವರದ್ದು ಆ ಮಾಂಬಾ ಪ್ರೋಟೀನಿಗೇ ಅಂಟುತ್ತದೆ. (ಹಾವನ್ನೇ ನೋಡಿರದವರ ರಕ್ತದಲ್ಲಿ!) 2016ರ ಡಚ್ ಅಧ್ಯಯನವೊಂದು ಇಂಥ ಪಾಸಿಟಿವನ್ನು ಉರಿಯೂತದ ಸ್ಪಷ್ಟ ಗುರುತು ಅನ್ನಲಾಗದು ಎಂದಿತು.

ಆದರೂ ಧೈರ್ಯವಾಗಿ “ಏನಿಲ್ಲ ಬಿಡು” ಅನ್ನಲಾಗಲಿಲ್ಲ. ನಿಜವಾದ ಕಾಯಿಲೆ ಆಗಿದ್ದರೆ ಚಿಕಿತ್ಸೆ ತಡ ಆಗಬಾರದು. ಈ ರಿಪೋರ್ಟು ಅದಕ್ಕೆ ಪುರಾವೆ ಅಲ್ಲ, ಅಷ್ಟೇ. ಕೇಳಿದೆ: ಎಂಆರ್‌ಐ ಆಯ್ತಾ? ಇಇಜಿ? ಬೆನ್ನುನೀರು? ಸೋಡಿಯಂ ಎಷ್ಟು? ಮುಖ, ಕೈ ಒಂದೇ ಕಡೆ ಜಗ್ಗುತ್ತಾ?

“ಎಂಆರ್‌ಐ ಮಾತ್ರ ಆಗಿದೆ, ನಾರ್ಮಲ್” ಎಂದ. ಉಳಿದದ್ದನ್ನು ಚೀಟಿಯಲ್ಲಿ ಬರೆದುಕೊಂಡು ಸೋಮವಾರ ಡಾಕ್ಟರ ಮುಂದಿಟ್ಟ. ಅವರು ಓದಿ, ಸ್ಟೆರಾಯ್ಡ್ ಪಕ್ಕಕ್ಕಿಟ್ಟು, ಮೊದಲು ಇಇಜಿಗೆ ಬರೆದುಕೊಟ್ಟರಂತೆ.