ಅಚ್ಚುಮೊಳೆಯ ಸೀಸ, ಟಿವಿಯ ಸೀಸ

ಗದಗಿಗೆ 'ಮುದ್ರಣ ಕಾಶಿ' ಎಂಬ ಹೆಸರಿದೆ. ಪುರಾಣ, ನಾಟಕ, ಲಗ್ನಪತ್ರಿಕೆಗಳನ್ನು ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲವೊಂದಿತ್ತು. ಆ ಮೊಳೆಗಳಲ್ಲಿ ಹೆಚ್ಚಿನ ಪಾಲು ಸೀಸ. ಜೊತೆಗೆ ತವರ ಮತ್ತು ಆಂಟಿಮನಿ. ಸವೆದ ಮೊಳೆಗಳನ್ನು ಯಾರೂ ಎಸೆಯುತ್ತಿರಲಿಲ್ಲ. ಕರಗಿಸಿ ಮತ್ತೆ ಹೊಸ ಮೊಳೆ ಎರಕ ಹೊಯ್ಯಲಾಗುತ್ತಿತ್ತು. ಆ ಸೀಸವೂ ವಿಷವೇ. ಆದರೆ ಅದಕ್ಕೆ ಹಿಂದಿರುಗುವ ಒಂದು ದಾರಿ ಇತ್ತು.

ನಮ್ಮ ಸೀಮೆಯಲ್ಲಿ ಬಹುತೇಕ ವಸ್ತುಗಳಿಗೆ ಇಂಥ ದಾರಿ ಇತ್ತು. ನೇಕಾರರ ಊರಾದ ಬೆಟಗೇರಿಯ ಸೀರೆ ಹಳತಾದರೆ ಅಜ್ಜಿಯರ ಕೈಯಲ್ಲಿ ಕೌದಿಯಾಗುತ್ತಿತ್ತು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವವರು ಬಾಗಿಲಿಗೇ ಬರುತ್ತಿದ್ದರು. ತೂತುಬಿದ್ದ ತಾಮ್ರದ ಕೊಡ ಬೋಗಾರರ ತಕ್ಕಡಿ ಸೇರಿ, ಹೊಸ ಕೊಡದ ಬೆಲೆಯಲ್ಲಿ ವಜಾ ಆಗುತ್ತಿತ್ತು. 1950ರಲ್ಲಿ ಧಾರವಾಡ ಆಕಾಶವಾಣಿ ಆರಂಭವಾದ ಮೇಲೆ ಮನೆಮನೆಗೆ ರೇಡಿಯೋ ಬಂತು. ಅದು ಕೆಟ್ಟರೆ ರಿಪೇರಿ ಅಂಗಡಿಯಿತ್ತು. ಒಂದರ ಭಾಗ ಇನ್ನೊಂದಕ್ಕೆ ಜೀವ ಕೊಡುತ್ತಿತ್ತು. ಮನೆಯಲ್ಲಿ ಒಂದೇ ರೇಡಿಯೋ ಇದ್ದುದರಿಂದ ಅದು ಕಸವಾಗಲು ನಾವು ಬಿಡುತ್ತಲೂ ಇರಲಿಲ್ಲ.

ಈ ದಾರಿ ಯಾವಾಗ ಮುರಿಯಿತು ಎಂಬುದು ನಮಗೆ ಗೊತ್ತಾದದ್ದು ಲಕ್ಷ್ಮೇಶ್ವರದ ನಮ್ಮ ಮನೆ ಮುಂದೆಯೇ. ಹೊಸ ತೆಳು ಟಿವಿ ಬಂದಾಗ ಹಳೆಯ ಡಬ್ಬಾ ಟಿವಿಯನ್ನು ಗುಜರಿ ಗಾಡಿಯ ಹುಡುಗನಿಗೆ ಕೊಟ್ಟೆವು. ಅವನು ಓಣಿಯ ತಿರುವಿನಲ್ಲೇ ಕುಳಿತು, ಕಲ್ಲಿನಿಂದ ಪಿಕ್ಚರ್ ಟ್ಯೂಬಿನ ಕುತ್ತಿಗೆ ಮುರಿದು, ತಾಮ್ರದ ಸುರುಳಿ ಬಿಚ್ಚಿಕೊಂಡ. ಗಾಜು ಚರಂಡಿ ಸೇರಿತು. ಕೇಳಿದರೆ, "ಗಾಜು ಯಾರೂ ತಗೊಳ್ಳೂದಿಲ್ರಿ ಚಾಚಾ, ತಾಮ್ರಕ್ಕಷ್ಟ ರೊಕ್ಕ" ಎಂದ. ಅವನ ಬೆರಳಿಂದ ರಕ್ತ ಬರುತ್ತಿತ್ತು.

ಹುಡುಗ ಹೇಳಿದ್ದು ನಿಜ. ಆ ಗಾಜಿನಲ್ಲಿ ಸೀಸವಿರುತ್ತದೆ. ಪಿಕ್ಚರ್ ಟ್ಯೂಬ್ ತಯಾರಾಗುತ್ತಿದ್ದ ಕಾಲದಲ್ಲಿ ಹಳೆ ಗಾಜನ್ನು ಹೊಸ ಟ್ಯೂಬಿಗೆ ಬಳಸಬಹುದಿತ್ತು. ತೆಳು ಪರದೆಗಳು ಬಂದ ಮೇಲೆ ಅದನ್ನು ಕೇಳುವವರಿಲ್ಲ. ಟ್ಯೂಬ್‌ಲೈಟಿನಲ್ಲಿ ಪಾದರಸ, ಕೆಲವು ಹಳೆಯ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ ಇರುತ್ತದೆ. ತಾಮ್ರಕ್ಕಾಗಿ ವೈರು ಸುಟ್ಟರೆ ಪ್ಲಾಸ್ಟಿಕ್‌ನ ವಿಷದ ಹೊಗೆ. ಸೀಸವಂತೂ ಬೆಳೆಯುವ ಮಕ್ಕಳ ಮೆದುಳಿಗೇ ಪೆಟ್ಟು ಕೊಡುತ್ತದೆ. ನಮ್ಮ ಮನೆ ಸ್ವಚ್ಛವಾಯಿತು. ಅದರ ಬೆಲೆ ಯಾರ ಮಗು ತೆರಬೇಕು?

ಕಾನೂನು ಇಲ್ಲದಿಲ್ಲ. ಬೆಂಗಳೂರು ಬಳಿಯ ದಾಬಸ್‌ಪೇಟೆಯಲ್ಲಿ 2005ರಲ್ಲೇ 'ಇ-ಪರಿಸರ' ಎಂಬ ಮರುಬಳಕೆ ಘಟಕ ಕೆಲಸ ಆರಂಭಿಸಿತ್ತು. ದೇಶದ ಮೊದಲ ಇ-ತ್ಯಾಜ್ಯ ನಿಯಮಗಳು 2011ರಲ್ಲಿ ರೂಪುಗೊಂಡು 2012ರ ಮೇ 1ರಿಂದ ಜಾರಿಯಾದವು. ವಸ್ತು ತಯಾರಿಸಿದವರೇ ಅದರ ಕೊನೆಯ ಹೊಣೆಯನ್ನೂ ಹೊರಬೇಕೆಂಬುದು ಅವುಗಳ ತಿರುಳು. 2016ರ ನಿಯಮಗಳು ಸಿಎಫ್‌ಎಲ್‌ನಂಥ ಪಾದರಸದ ದೀಪಗಳನ್ನೂ ಸೇರಿಸಿದವು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಡಿ ನೂರಕ್ಕೂ ಹೆಚ್ಚು ಬಗೆಯ ಉಪಕರಣಗಳಿವೆ. ಆದರೂ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ 6.2 ಕೋಟಿ ಟನ್ ಇ-ತ್ಯಾಜ್ಯದಲ್ಲಿ ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇ. 22.3 ಮಾತ್ರ ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಕಂಪನಿಯ ಕಚೇರಿಗೂ ಶಿರಹಟ್ಟಿಯ ಓಣಿಗೂ ನಡುವೆ ಇರುವುದು ಇಂದಿಗೂ ಆ ಗುಜರಿ ಗಾಡಿಯೇ.

ನಮ್ಮ ಜಿಲ್ಲೆಗೆ ಹೋರಾಟದ ನೆನಪು ಹೊಸದಲ್ಲ. ಗದಗ, ಮುಂಡರಗಿ, ಶಿರಹಟ್ಟಿ ಸೀಮೆಯ ಕಪ್ಪತಗುಡ್ಡದಲ್ಲಿ ಬ್ರಿಟಿಷರ ಕಾಲದಲ್ಲೇ ಚಿನ್ನಕ್ಕಾಗಿ ಅಗೆದಿದ್ದರು. ಗಣಿಯ ಕಣ್ಣು ಮತ್ತೆ ಬಿದ್ದಾಗ ಜನ ಗುಡ್ಡದ ಪರ ನಿಂತರು. 2019ರಲ್ಲಿ ಅದು ವನ್ಯಜೀವಿ ಧಾಮವಾಯಿತು. ಒಂದು ಟನ್ ಅದಿರಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಒಂದು ಟನ್ ಹಳೆ ಮೊಬೈಲ್‌ಗಳಲ್ಲಿ ಅದರ ಎಷ್ಟೋ ಪಟ್ಟು ಹೆಚ್ಚಿರುತ್ತದೆ. ಗುಡ್ಡ ಉಳಿಸಿದ ನಾವು ಆ ಚಿನ್ನವನ್ನು ಕಪಾಟಿನಲ್ಲಿ ಮರೆತಿದ್ದೇವೆ, ಇಲ್ಲವೇ ಯಾರೋ ಆಸಿಡ್ಡಿನಲ್ಲಿ ಅದ್ದಿ ತೆಗೆಯಲೆಂದು ಮಾರುತ್ತಿದ್ದೇವೆ.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಅದು ಏಷ್ಯಾದಲ್ಲೇ ಮೊದಲನೆಯದೆಂದು ಹೆಸರಾಗಿದೆ. ಆ ನೆಲದಲ್ಲಿ ಗುಜರಿಯವರದೇ ಒಂದು ಸಹಕಾರ ಸಂಘ ಯಾಕಾಗಬಾರದು? ಅವರು ಒಡೆಯದೆ, ಸುಡದೆ ಸಂಗ್ರಹಿಸಲಿ. ಶಾಲೆ, ಮಸೀದಿ, ಮಠಗಳ ಅಂಗಳದಲ್ಲಿ ತಿಂಗಳಿಗೊಂದು ದಿನ ಜನ ತಂದು ಕೊಡಲಿ. ಪುರಸಭೆಗಳು ಒಂದು ಕೋಣೆ ಕೊಡಲಿ. ಅಲ್ಲಿಂದ ನೋಂದಾಯಿತ ಮರುಬಳಕೆದಾರರಿಗೆ ಲಾರಿ ಹೋಗಲಿ. ಅಲ್ಲಿಯವರೆಗೆ ನಾವು ಮಾಡಬೇಕಾದದ್ದು ಇಷ್ಟು: ರಿಪೇರಿಯಾಗುವುದನ್ನು ರಿಪೇರಿ ಮಾಡಿಸುವುದು, ಟ್ಯೂಬನ್ನು ಇಡಿಯಾಗಿಯೇ ಇಡುವುದು, ಉಬ್ಬಿದ ಬ್ಯಾಟರಿಯನ್ನು ಬೇರೆ ಇಡುವುದು, ಚಾರ್ಜರ್, ಇಯರ್‌ಫೋನ್, ರಿಮೋಟುಗಳನ್ನು ಕಸದ ಗಾಡಿಯ ಇತರ ಕಸಕ್ಕೆ ಬೆರೆಸದಿರುವುದು, ಹೊಸದನ್ನು ಕೊಳ್ಳುವ ಅಂಗಡಿಯಲ್ಲಿ, 'ಹಳೆಯದು ಎಲ್ಲಿಗೆ ಹೋಗುತ್ತದೆ?' ಎಂದು ಕೇಳುವುದು.

ಆ ದಿನ ಹುಡುಗನ ಬೆರಳಿಗೆ ಪಟ್ಟಿ ಕಟ್ಟಿ ಕಳಿಸಿದೆವು. ಚರಂಡಿಯ ಗಾಜನ್ನು ಮಾತ್ರ ಯಾರೂ ಎತ್ತಲಿಲ್ಲ. ಎತ್ತದವರಲ್ಲಿ ನಾವೂ ಒಬ್ಬರು.